ಯುದ್ಧದ ಪುಸ್ತಕ ಓದಬೇಕು, ಆದರೆ ಸೈನಿಕರದ್ದಲ್ಲ, ಸಾಮಾನ್ಯ ಜನರದ್ದು. ಎಲ್ಲಿಂದ ಶುರು ಮಾಡಲಿ? ಊರು ಮಂಗಳೂರು.

ಮೊದಲು ದಿನಚರಿ ಓದಿ, ಕಾದಂಬರಿ ಆಮೇಲೆ. ದಿನಚರಿ ಬರೆಯುವವರಿಗೆ ಯುದ್ಧ ಯಾವಾಗ ಮುಗಿಯುತ್ತದೆ ಅಂತ ಗೊತ್ತಿರುವುದಿಲ್ಲ. ಹಾಗಾಗಿ ಹೆದರಿಕೆ, ಜಗಳ, ಬೇಸರ ಎಲ್ಲವೂ ಹಸಿಹಸಿಯಾಗಿ ಸಿಗುತ್ತವೆ.

ಎರಡನೇ ಮಹಾಯುದ್ಧದ ಕಾಲದ ಯಹೂದಿ ಹುಡುಗಿ ಆನ್ ಫ್ರಾಂಕ್ ಡೈರಿಯನ್ನೇ ನೋಡಿ. 1942ರಿಂದ 1944ರವರೆಗೆ ಆಮ್‌ಸ್ಟರ್‌ಡ್ಯಾಮಿನ ಒಂದು ಕಚೇರಿಯ ಹಿಂಭಾಗದಲ್ಲಿ ನಾಜಿಗಳಿಗೆ ಹೆದರಿ ಅಡಗಿದ್ದವರ ಕಥೆ ಅದು. ಕೆಳಗೆ ಕೆಲಸಗಾರರು ಇರುವಷ್ಟು ಹೊತ್ತು ಸದ್ದು ಮಾಡಿ ನಡೆಯುವಂತಿಲ್ಲ, ಶೌಚಾಲಯದಲ್ಲಿ ಫ್ಲಶ್ ಮಾಡುವಂತಿಲ್ಲ. ಯುದ್ಧ ಅಂದ್ರೆ ಇದೂ ಹೌದು, ಅಲ್ವಾ?

ಆಮೇಲೆ ಅದೇ ಯುದ್ಧದಲ್ಲಿ ಜರ್ಮನ್ ಸೇನೆ ರಷ್ಯಾದ ಲೆನಿನ್‌ಗ್ರಾಡ್ ನಗರಕ್ಕೆ ಹಾಕಿದ ಮುತ್ತಿಗೆಯಲ್ಲಿ ಬದುಕಿ ಉಳಿದವರ ನೆನಪುಗಳು. 1941ರ ಚಳಿಗಾಲದಲ್ಲಿ ಕೆಲವು ವಾರ ಮಕ್ಕಳಿಗೆ ಸಿಕ್ಕಿದ್ದು ದಿನಕ್ಕೆ 125 ಗ್ರಾಂ ಬ್ರೆಡ್, ಅದೂ ಕಲಬೆರಕೆ ಹಿಟ್ಟಿನದ್ದು. ಇವನ್ನು ಒಂದೇ ಸಲಕ್ಕೆ ಓದಬೇಡಿ, ಮನಸ್ಸಿಗೆ ತುಂಬಾ ಭಾರ.

ಕಾದಂಬರಿ ಆರಿಸುವಾಗ ನಾನು ನೋಡುವುದು ಒಂದೇ: ಅಡುಗೆ ಹೇಗೆ ನಡೆಯಿತು, ಸಾಮಾನು ಎಲ್ಲಿ ಸಿಕ್ಕಿತು ಅನ್ನುವುದು ಅದರಲ್ಲಿದೆಯಾ? ಬರೀ ಬಾಂಬು, ಬೆಂಕಿ ಜಾಸ್ತಿ ಇದ್ದರೆ ಬಿಟ್ಟುಬಿಡಿ.

ಮಂಗಳೂರಿನವರಾದ ನಿಮಗೆ ಇನ್ನೊಂದು ದಾರಿಯೂ ಇದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ನಮ್ಮ ಕರಾವಳಿಯವರು ಎಷ್ಟೋ ಮಂದಿ ಅಲ್ಲಿ ಕೆಲಸದಲ್ಲಿದ್ದರು. ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನ್, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿ, ಹೀಗೆ ಸಾವಿರಾರು ಭಾರತೀಯರು ಬಂದರು. ನಿಮ್ಮ ಓಣಿಯಲ್ಲೇ ಅಂಥವರು ಇರಬಹುದು. ಏನೇನು ಬಿಟ್ಟು ಬಂದಿರಿ, ಗಡಿಯಲ್ಲಿ ಏನು ತಿಂದಿರಿ ಅಂತ ಕೇಳಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.