ಶೀಟ್ ತುಂಬ ಹಸಿರು, ಡ್ರೋನ್ ಮಾತ್ರ ಭಾರ

ನಮ್ಮ ಬಳಿ ಸಲಹೆಗೆ ಬಂದವರು ಸರ್ವೆ ಡ್ರೋನ್ ಮಾಡುವ ಚಿಕ್ಕ ತಂಡವೊಂದರ ಸಿಸ್ಟಮ್ಸ್ ಎಂಜಿನಿಯರ್. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಪ್ರತಿ ಸೋಮವಾರದ ರಿವ್ಯೂನಲ್ಲಿ 38 ಸಾಲಿನ ಎಕ್ಸೆಲ್ ಶೀಟ್ ತೋರಿಸುತ್ತಿದ್ದರು, ಹೆಚ್ಚುಕಡಿಮೆ ಎಲ್ಲ ಹಸಿರು, ಅಂದರೆ ಎಲ್ಲ ಸರಿ. ಮೊದಲ ಪೂರ್ತಿ ಹಾರಾಟದಲ್ಲಿ ಡ್ರೋನ್ 28 ನಿಮಿಷಕ್ಕೇ ಇಳಿಯಿತು. ಗ್ರಾಹಕರಿಗೆ ಕೊಟ್ಟ ಮಾತು 30. "ಎಲ್ಲಿ ತಪ್ಪಿದೆ ಅಂತಲೇ ಗೊತ್ತಾಗ್ತಿಲ್ಲ, ನಿದ್ದೆ ಬರ್ತಿಲ್ಲ" ಎಂದರು.

ಶೀಟ್ ಬಿಡಿಸಿ ನೋಡಿದರೆ, ಅರ್ಧಕ್ಕಿಂತ ಹೆಚ್ಚು ಸಾಲು 'ಮುಗಿದ ಡ್ರಾಯಿಂಗ್', 'ಮುಚ್ಚಿದ ಬಗ್'. ಇವು ಕೆಲಸ ಎಷ್ಟಾಯಿತು ಎನ್ನುತ್ತವೆ, ಡ್ರೋನ್ ಹೇಗಾಗುತ್ತಿದೆ ಎನ್ನುವುದಿಲ್ಲ. ಹಾರಾಟದ ಸಮಯದ ಸಾಲೂ ಇತ್ತು. ಹಾರುವ ತನಕ ಅಳೆಯಲಾಗದ ಕಾರಣ, ಅದರ ಮುಂದೆ ತಿಂಗಳುಗಟ್ಟಲೆ ಗುರಿಯನ್ನೇ ಬರೆದಿಟ್ಟಿದ್ದರು: 30.

ಜೊತೆಗೆ ಕೂತು ಹಿಂದಿನಿಂದ ಲೆಕ್ಕ ಹಾಕಿದೆವು. 22.2 ವೋಲ್ಟ್, 22 ಆಂಪಿಯರ್-ಅವರ್ ಬ್ಯಾಟರಿ ಅಂದರೆ 488 ವ್ಯಾಟ್-ಅವರ್. 20% ಉಳಿಸಿ ಇಳಿಸಬೇಕು, ಕೈಗೆ ಸಿಗುವುದು 390. 6 ಕೆಜಿಯ ವಿನ್ಯಾಸಕ್ಕೆ ಹೋವರ್ ಪವರ್ (ಗಾಳಿಯಲ್ಲಿ ಒಂದೇ ಕಡೆ ನಿಲ್ಲಲು ಬೇಕಾದ ಪವರ್) 600 ವ್ಯಾಟ್, ಹಾಗಾಗಿ 39 ನಿಮಿಷ. ಆದರೆ ಪ್ರೊಪೆಲ್ಲರ್ ಬದಲಾಗದಿದ್ದರೆ ತೂಕ 10% ಏರಿದಾಗ ಪವರ್ ಸುಮಾರು 15% ಏರುತ್ತದೆ. 7.15 ಕೆಜಿ ದಾಟಿದರೆ 30 ನಿಮಿಷ ಸಿಗದು. ಅವರ ಡ್ರೋನ್ ತೂಗಿದ್ದು 7.5. ವೈರಿಂಗ್ ಹಾರ್ನೆಸ್ (ವೈರ್‌ಗಳ ಕಟ್ಟು) ಒಂದನ್ನೇ ನೋಡಿದರೆ, ಶೀಟ್‌ನಲ್ಲಿ 120 ಗ್ರಾಂ, ಬಿಚ್ಚಿ ತಕ್ಕಡಿಗಿಟ್ಟರೆ 410.

ಕೊಟ್ಟ ಸಲಹೆ: ರಿವ್ಯೂಗೆ ನಾಲ್ಕೇ ಸಾಲು ಸಾಕು. ಟೇಕಾಫ್ ತೂಕ, ಹೋವರ್ ಪವರ್, ಬ್ಯಾಟರಿಯಿಂದ ನಿಜಕ್ಕೂ ಸಿಗುವ ಶಕ್ತಿ, ಈ ಮೂರರಿಂದ ವಾರವಾರ ಲೆಕ್ಕ ಹಾಕಿದ ಹಾರಾಟದ ಸಮಯ. ತೂಕದ ಪಟ್ಟಿಯಲ್ಲಿ ಊಹಿಸಿದ ಭಾಗಕ್ಕೆ 20%, ಕ್ಯಾಡ್‌ನಿಂದ (ಕಂಪ್ಯೂಟರ್ ಡ್ರಾಯಿಂಗ್‌ನಿಂದ) ಬಂದದ್ದಕ್ಕೆ 10%, ತೂಗಿದ್ದಕ್ಕೆ 2% ಸೇರಿಸಿ. ಫ್ರೇಮ್ ಇಲ್ಲದಿದ್ದರೂ ನಾಲ್ಕರಲ್ಲಿ ಒಂದು ಮೋಟರನ್ನು ಥ್ರಸ್ಟ್ ಸ್ಟ್ಯಾಂಡ್‌ಗೆ (ಎತ್ತುವ ಬಲ ಅಳೆಯುವ ಸಾಧನಕ್ಕೆ) ಕಟ್ಟಿ, ಅದರ ಪಾಲಿನ 1.5 ಕೆಜಿ ಎತ್ತುವಾಗ 150 ವ್ಯಾಟ್ ದಾಟುತ್ತದೆಯೇ ನೋಡಬಹುದು, ಅದೂ ಮೊದಲ ತಿಂಗಳಲ್ಲೇ. ಬ್ಯಾಟರಿಯ ಲೇಬಲ್ ನಂಬದೆ, 600 ವ್ಯಾಟ್‌ಗೆ ಬೇಕಾಗುವ 27 ಆಂಪಿಯರ್‌ನಲ್ಲಿ ಖಾಲಿ ಮಾಡಿ ಅಳೆಯಿರಿ. 6.8 ಕೆಜಿಗೆ ಎಚ್ಚರಿಕೆಯ ಹಳದಿ ಗೆರೆ ಎಳೆಯಿರಿ. ಅದು ದಾಟಿದ ದಿನ ಯಾರು ಏನು ಕಡಿಮೆ ಮಾಡಬೇಕೆಂದು ಈಗಲೇ ಬರೆದಿಡಿ. ಬರೆದಿಡದಿದ್ದರೆ ಬಣ್ಣ ಬದಲಾದಾಗ ತಂಡ ಗೆರೆಯನ್ನೇ ಮೇಲಕ್ಕೆ ಸರಿಸುತ್ತದೆ, ಇದನ್ನು ಪದೇ ಪದೇ ಕಾಣುತ್ತೇವೆ.

ಸದ್ಯಕ್ಕೆ ಇಳಿಸಬೇಕಿರುವುದು 350 ಗ್ರಾಂ. ಹಾರ್ನೆಸ್‌ನಿಂದಲೇ ಶುರು ಮಾಡಿ ಎಂದೆವು. ಡ್ರೋನ್‌ನ ತೋಳುಗಳಿಗೆ ಎಳೆದ 4 ಮೀಟರ್ ವೈರ್ 10 ಗೇಜ್‌ನದು (ಗೇಜ್ ಸಂಖ್ಯೆ ಹೆಚ್ಚಿದಷ್ಟು ವೈರ್ ತೆಳು); ಗರಿಷ್ಠ ಕರೆಂಟ್, ಬಿಸಿ ಎರಡನ್ನೂ ಪರೀಕ್ಷಿಸಿ 14 ಗೇಜ್‌ಗೆ ಇಳಿದರೆ ತಾಮ್ರವೊಂದರಲ್ಲೇ 110 ಗ್ರಾಂ ಹೋಗುತ್ತದೆ.