ಇಂಗ್ಲೆಂಡಿನ ಹಳೆಯ ಬಾರ್ನ್‌ಗಳು ಅಷ್ಟು ದೊಡ್ಡದಾಗಿರುವುದೇಕೆ?

ಧಾನ್ಯ ತುಂಬಿಡುವುದಕ್ಕೆ ಇಂಗ್ಲೆಂಡಿನ ಹಳ್ಳಿಯ ರೈತರು ಚರ್ಚಿನಷ್ಟು ಎತ್ತರದ ಬಾರ್ನ್‌ಗಳನ್ನು ಏಕೆ ಕಟ್ಟಿಕೊಂಡರು, ಈಗ ಅವುಗಳನ್ನು ಮನೆಗಳಾಗಿ ಮಾರ್ಪಡಿಸುವುದು ಸರಿಯೇ ಎಂದು ತಾವು ಕೇಳಿದ್ದೀರಿ.

ಬಾರ್ನ್ ಎಂಬುದು ಹಸನು ಮಾಡಿದ ಕಾಳನ್ನಷ್ಟೇ ಕೂಡಿಡುವ ಕಣಜವಾಗಿರಲಿಲ್ಲ. ಕೊಯ್ದ ಗೋಧಿ, ಬಾರ್ಲಿಗಳ ಸಿವುಡುಗಳನ್ನು ತೆನೆಸಮೇತ ಒಳಗೆ ಒಟ್ಟಿ, ಚಳಿಗಾಲದುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಡಿದು ಕಾಳು ಬಿಡಿಸುತ್ತಿದ್ದ, ಸೂರು ಹೊದ್ದ ಕಣ ಅದು. ಸುಗ್ಗಿಯ ನಂತರದ ಬಿಸಿಲನ್ನು ನಂಬಿ ಬಯಲಿನಲ್ಲಿ ಒಕ್ಕಣೆ ಮಾಡುವ ಅನುಕೂಲ ನಮ್ಮ ಬಯಲುಸೀಮೆಯವರಿಗಿದೆ; ಆ ದೇಶದ ಮಳೆಯಲ್ಲಿ ಅದು ಸಾಧ್ಯವಿರಲಿಲ್ಲ. ಉದ್ದನೆಯ ಗೋಡೆಗಳಲ್ಲಿ ಎದುರುಬದುರಾಗಿ ಬಾಗಿಲುಗಳಿರುವುದಕ್ಕೂ ಇದೇ ಕಾರಣ: ತುಂಬಿದ ಬಂಡಿ ಒಳಗೆ ಬರಬೇಕು, ಎರಡೂ ಬಾಗಿಲು ತೆರೆದಾಗ ನಡುವಿನ ಕಣದ ಮೇಲೆ ಗಾಳಿ ಹಾಯ್ದು, ತೂರಿದ ಕಾಳಿನಿಂದ ಹೊಟ್ಟು ಬೇರ್ಪಡಬೇಕು.

ಇನ್ನು, ಅತಿ ದೊಡ್ಡವನ್ನು ಕಟ್ಟಿಸಿದವರು ಸಾಮಾನ್ಯ ರೈತರಲ್ಲ, ವಿಸ್ತಾರವಾದ ಜಮೀನುಳ್ಳ ಸಂಸ್ಥೆಗಳು. ಆಕ್ಸ್‌ಫರ್ಡ್‌ಷೈರಿನ ಗ್ರೇಟ್ ಕಾಕ್ಸ್‌ವೆಲ್ ಬಾರ್ನ್ 13ನೆಯ ಶತಮಾನದ ಕೊನೆಯಲ್ಲಿ ಬ್ಯೂಲಿ ಮಠದ ಸಿಸ್ಟರ್ಷಿಯನ್ ಎಂಬ ಕ್ರೈಸ್ತ ಪಂಥದ ಸಂನ್ಯಾಸಿಗಳು ಕಲ್ಲಿನಲ್ಲಿ ಕಟ್ಟಿಸಿದ್ದು. ಲಂಡನ್ನಿನ ಪಶ್ಚಿಮದಂಚಿನ ಹಾರ್ಮಂಡ್ಸ್‌ವರ್ತ್ ಬಾರ್ನ್ ವಿಂಚೆಸ್ಟರ್ ಕಾಲೇಜ್ ಎಂಬ ಶಾಲೆ ಕಟ್ಟಿಸಿದ್ದು. 1426–27ರಲ್ಲಿ ಓಕ್ ಮರದಿಂದ ನಿರ್ಮಿಸಿದ ಇದು ಸುಮಾರು 58 ಮೀಟರ್ ಉದ್ದವಿದ್ದು 12 ಅಂಕಣಗಳನ್ನು ಹೊಂದಿದೆ. (ಇಂಥವನ್ನೆಲ್ಲ ಚರ್ಚಿಗೆ ಬೆಳೆಯ ಹತ್ತನೆಯ ಒಂದು ಪಾಲು ಕೊಡುವ ದಶಮಾಂಶ ತೆರಿಗೆಯ ಬಾರ್ನ್‌ಗಳೆಂದು ಕರೆಯುವ ರೂಢಿಯಿದೆ, ಆದರೆ ಇವೆರಡೂ ಮೂಲತಃ ಆ ಸಂಸ್ಥೆಗಳ ಒಡೆತನದ ಜಮೀನಿನ ಬೆಳೆಗಾಗಿ ಕಟ್ಟಿದವು.) ಹಾರ್ಮಂಡ್ಸ್‌ವರ್ತ್ ಬಾರ್ನಿನ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿರುವುದರಿಂದ ಬುಡಕ್ಕೆ ನೆಲದ ತೇವ ತಾಗದು, ಈ ಮರಗಳು ಆರು ಶತಮಾನ ಬಾಳಲು ಇದೊಂದು ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ. ಎರಡು ಸಾಲು ಕಂಬಗಳು ಒಳಾಂಗಣವನ್ನು ನಡುಭಾಗ ಮತ್ತು ಪಕ್ಕದ ಓಣಿಗಳಾಗಿ ವಿಂಗಡಿಸುವ ವಿನ್ಯಾಸ ಚರ್ಚುಗಳಲ್ಲಿಯೂ ಇರುವುದರಿಂದಲೇ ಕವಿ ಜಾನ್ ಬೆಟ್ಜಮನ್ ಈ ಬಾರ್ನನ್ನು ಮಿಡ್ಲ್‌ಸೆಕ್ಸಿನ (ಆ ಊರಿದ್ದ ಹಳೆಯ ಕೌಂಟಿ) ಕೆಥೀಡ್ರಲ್, ಅಂದರೆ ಮಹಾಚರ್ಚು, ಎಂದು ಕರೆದರು.

ಒಕ್ಕಣೆ ಯಂತ್ರ ಬಂದ ಮೇಲೆ ಈ ಕಟ್ಟಡಗಳ ಮೂಲ ಕೆಲಸ ಕ್ರಮೇಣ ಕೈತಪ್ಪಿತು. 2014ರಿಂದ ಇಂಗ್ಲೆಂಡಿನಲ್ಲಿ ಅನೇಕ ಕೃಷಿ ಕಟ್ಟಡಗಳನ್ನು ಪೂರ್ಣ ಯೋಜನಾ ಅನುಮತಿಯಿಲ್ಲದೆ ಮನೆಗಳಾಗಿಸಬಹುದಾದರೂ, ಸಂರಕ್ಷಿತ ಪಟ್ಟಿಯಲ್ಲಿರುವವುಗಳಿಗೆ ಆ ಸೌಲಭ್ಯವಿಲ್ಲ. ಈ ನಿರ್ಬಂಧ ಸರಿಯಾದುದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಬಾರ್ನಿನ ವಾಸ್ತುವೆಂದರೆ ಅದರ ಅಖಂಡವಾದ ಒಳಾಂಗಣ. ಮಹಡಿ, ಕೋಣೆ, ಕಿಟಕಿಗಳನ್ನು ಸೇರಿಸಿದೊಡನೆ ಹೊರಗಿನ ಗೋಡೆ ಉಳಿದರೂ ಒಕ್ಕಣೆ ಹೇಗೆ ನಡೆಯುತ್ತಿತ್ತೆಂಬುದು ಅಲ್ಲಿ ಕಾಣದಾಗುತ್ತದೆ. ಆದರೆ ಪಟ್ಟಿಯಲ್ಲಿಲ್ಲದ, ಕುಸಿಯುತ್ತಿರುವ ಸಣ್ಣ ಬಾರ್ನಿಗೆ ಮನೆಯಾಗುವುದೇ ಉಳಿಯುವ ದಾರಿಯಾದರೆ ನಾನು ಆಕ್ಷೇಪಿಸಲಾರೆ. ಆಗಲೂ ಎದುರುಬದುರಿನ ಆ ಬಾಗಿಲುಗಳ ನಡುವಿನ ಅಂಕಣವನ್ನಾದರೂ ಸೂರಿನವರೆಗೆ ತೆರೆದಿಡಬೇಕೆಂದು ಕೇಳಿಕೊಳ್ಳುತ್ತೇನೆ.