ಹಲ್ಲಿನ ಡಾಕ್ಟರ ಕುರ್ಚಿಗೆ ಹೆದರಿದ ಟೀಚರ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ಪ್ರೈಮರಿ ಶಾಲೆಯ ಟೀಚರ್, ವಯಸ್ಸು ನಲವತ್ತರ ಆಸುಪಾಸು. ದವಡೆ ಹಲ್ಲು ಹುಳುಕಾಗಿ ತಿಂಗಳುಗಳೇ ಕಳೆದಿದ್ದವು. ಊಟ ಒಂದೇ ಕಡೆ ಅಗಿಯುತ್ತಿದ್ದರು. ರಾತ್ರಿ ಲವಂಗ ಕಚ್ಚಿಕೊಂಡು ಮಲಗುತ್ತಿದ್ದರು. ಕ್ಲಿನಿಕ್ಕಿನ ಬಾಗಿಲವರೆಗೆ ಹೋಗಿ ವಾಪಸ್ ಬಂದದ್ದೂ ಉಂಟು. ಡ್ರಿಲ್ಲಿನ ಸದ್ದು ಕೇಳಿದರೆ ಸಾಕು, ಅಂಗೈ ಬೆವರುತ್ತಿತ್ತು. “ಎರಡು ಹೆತ್ತವಳು ಒಂದು ಹಲ್ಲಿಗೆ ಹೆದರ್ತೀಯಾ?” ಎಂದು ಮನೆಯಲ್ಲಿ ಅಂದಿದ್ದರಂತೆ. ಸಲಹೆ ಕೇಳಲು ನನ್ನ ಮುಂದೆ ಕೂತಾಗ ಅವರಲ್ಲಿ ಹೆದರಿಕೆಗಿಂತ ನಾಚಿಕೆಯೇ ಜಾಸ್ತಿ ಇತ್ತು.

ಮಾತಾಡುತ್ತಾ ಹೋದಂತೆ ಮೂಲ ಸಿಕ್ಕಿತು. ಚಿಕ್ಕಂದಿನಲ್ಲಿ ಹಲ್ಲು ಕೀಳಿಸುವಾಗ ದೊಡ್ಡವರು ಕೈ ಹಿಡಿದುಕೊಂಡಿದ್ದರು. ಇಂಜೆಕ್ಷನ್ ಕೊಟ್ಟರೂ ಹಲ್ಲು ಇನ್ನೂ ಮರಗಟ್ಟಿರಲಿಲ್ಲ. ಕಿರುಚಿದರೂ ಯಾರೂ ನಿಲ್ಲಿಸಲಿಲ್ಲ. ಅಂದರೆ ಅವರ ಭಯ ಬರೀ ನೋವಿನದಲ್ಲ, “ಸಾಕು” ಅಂದರೂ ಯಾರೂ ಕೇಳುವುದಿಲ್ಲ ಎನ್ನುವುದರದು. ಇಂಥವರಿಗೆ “ಧೈರ್ಯ ತಗೊಳ್ಳಿ” ಎಂದು ಹೇಳಿ ಪ್ರಯೋಜನವಿಲ್ಲ.

ನಾಚಿಕೆ ಹೋಗಲೆಂದು ಅವರಿಗೆ ಹೊರೇಸ್ ವೆಲ್ಸ್ ವಿಷಯ ಹೇಳಿದೆ. ಅಮೆರಿಕದ ಹಾರ್ಟ್‌ಫರ್ಡ್‌ನ ದಂತವೈದ್ಯ. 1844ರ ಡಿಸೆಂಬರ್ 10ರಂದು ಅಲ್ಲಿ ನಗೆ ಅನಿಲದ ಪ್ರದರ್ಶನ ನಡೆಯಿತು, ಸುಮ್ನೆ ಮೋಜಿಗೆ. ಅನಿಲ ಎಳೆದುಕೊಂಡ ಒಬ್ಬನ ಕಾಲಿಗೆ ಗಾಯವಾಯಿತು, ಅವನಿಗೆ ನೋವೇ ಗೊತ್ತಾಗಲಿಲ್ಲ. ಇದನ್ನು ಗಮನಿಸಿದ ವೆಲ್ಸ್ ಮಾರನೆಯ ದಿನವೇ ಆ ಅನಿಲ ಸೇವಿಸಿ, ಜೊತೆಯ ವೈದ್ಯರಿಂದ ತಮ್ಮದೇ ಹಲ್ಲು ಕೀಳಿಸಿಕೊಂಡರು. ದಿನಾ ಹಲ್ಲು ಕೀಳುವವರಿಗೇ ನೋವಿಲ್ಲದ ದಾರಿ ಬೇಕಿತ್ತು, ಅಲ್ವಾ? ಟೀಚರ್ ಮೊದಲ ಸಲ ತಲೆ ಎತ್ತಿ ನೋಡಿದರು.

ಮುಂದಿನ ವರ್ಷ ಬೋಸ್ಟನ್‌ನಲ್ಲಿ ವೆಲ್ಸ್ ಎಲ್ಲರೆದುರು ಇದನ್ನು ತೋರಿಸಲು ಹೋದಾಗ ಅನಿಲ ಸಾಲದೆ ರೋಗಿ ಕೂಗಿದ, ನೋಡುತ್ತಿದ್ದವರು ಗೇಲಿ ಮಾಡಿದರು. 1846ರಲ್ಲಿ ಅದೇ ಊರಲ್ಲಿ ಇನ್ನೊಬ್ಬ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಎಂಬ ದ್ರವದ ಆವಿ ಕೊಟ್ಟು ಗೆದ್ದರು. ಇವತ್ತು ಎಲ್ಲ ಆಪರೇಷನ್‌ಗಳಿಗೂ ಸಿಗುವ ಅರಿವಳಿಕೆಯ ದಾರಿ ತೆರೆಯುವುದರಲ್ಲಿ ಹಲ್ಲಿನ ಡಾಕ್ಟರುಗಳ ಪಾಲು ದೊಡ್ಡದು. ನನಗಂತೂ ಇದು ತುಂಬಾ ಇಷ್ಟವಾಗುವ ವಿಷಯ.

“ಹಾಗಾದರೆ ನನಗೆ ಪ್ರಜ್ಞೆ ತಪ್ಪಿಸ್ತಾರಾ?” ಎಂದು ಅವರು ಕೇಳಿದರು. ಇಲ್ಲ. ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್, ಈಗ ಆಮ್ಲಜನಕದ ಜೊತೆ ಬೆರೆತು ಮೂಗಿನ ಮಾಸ್ಕಿನಿಂದ ಬರುತ್ತದೆ. ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಮೈ ಹಗುರವಾಗುತ್ತದೆ, ಎಚ್ಚರ ಇರುತ್ತದೆ, ಡಾಕ್ಟರ ಮಾತಿಗೆ ಉತ್ತರ ಕೊಡಬಹುದು. ಕೊನೆಗೆ ಬರೀ ಆಮ್ಲಜನಕ ಕೊಟ್ಟರೆ ಅದರ ಪ್ರಭಾವ ಬೇಗ ಇಳಿಯುತ್ತದೆ. ಆದರೆ ವಸಡಿಗೆ ಮರಗಟ್ಟಿಸುವ ಇಂಜೆಕ್ಷನ್ ಬೇಕೇ ಬೇಕು. ಅನಿಲ ಭಯ ಇಳಿಸುತ್ತದೆ, ಆ ಸೂಜಿಯನ್ನು ತಡೆದುಕೊಳ್ಳಲು ನೆರವಾಗುತ್ತದೆ. ಭಯ ಇನ್ನೂ ಜಾಸ್ತಿ ಇರುವವರಿಗೆ ಮಿಡಜೋಲಾಮ್‌ನಂಥ ಔಷಧಿಯನ್ನು ರಕ್ತನಾಳಕ್ಕೆ ಕೊಡುವುದುಂಟು. ಅದರಲ್ಲಿ ನಡೆದದ್ದು ಅಷ್ಟಾಗಿ ನೆನಪಿರುವುದಿಲ್ಲ. ಉಸಿರಾಟ, ಆಮ್ಲಜನಕದ ಮಟ್ಟ ನೋಡಿಕೊಳ್ಳಲು ತರಬೇತಾದವರು ಇರಲೇಬೇಕು. ಜೊತೆಗೊಬ್ಬರು ಬರಬೇಕು, ಆ ದಿನ ಗಾಡಿ ಓಡಿಸುವಂತಿಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟು. ಮೊದಲ ಭೇಟಿಯಲ್ಲಿ ಬಾಯಿ ತೆರೆಯುವುದೇ ಬೇಡ, ಬರೀ ಮಾತಾಡಿ ಬನ್ನಿ. ಚಿಕ್ಕಂದಿನ ಘಟನೆಯನ್ನು ಡಾಕ್ಟರಿಗೆ ಹೇಳಿ. ಎಡಗೈ ಎತ್ತಿದರೆ ಕೆಲಸ ನಿಲ್ಲಿಸಬೇಕೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಸೆಡೇಶನ್, ಅಂದರೆ ಭಯ ಇಳಿಸುವ ಈ ಅನಿಲ ಅಥವಾ ಔಷಧಿ, ಯಾರು ಕೊಡುತ್ತಾರೆ, ಏನು ಗಮನಿಸುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ತೆಗೆದುಕೊಳ್ಳುವ ಮಾತ್ರೆಗಳು, ಗರ್ಭ, ಉಸಿರಾಟದ ತೊಂದರೆ, ಬಿ12 ಕೊರತೆ, ಯಾವುದನ್ನೂ ಮುಚ್ಚಿಡಬೇಡಿ. ನಿದ್ದೆ ಮಾತ್ರೆಯನ್ನು ಮನೆಯಲ್ಲೇ ನುಂಗಿ ಹೋಗುವ ಯೋಚನೆ ಅವರಿಗಿತ್ತು. ಅದು ಅಪಾಯ ಎಂದು ಖಡಾಖಂಡಿತವಾಗಿ ಹೇಳಿದೆ.

ಅವರ ಗಂಡನನ್ನೂ ಕರೆಸಿದೆ. ಗೇಲಿ ನಿಲ್ಲಿಸಿ, ಕ್ಲಿನಿಕ್ಕಿಗೆ ಜೊತೆಗೆ ಹೋಗಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು.

ಅನಿಲದ ನೆರವಿನಿಂದ ಹಲ್ಲಿನ ಬೇರಿನ ಚಿಕಿತ್ಸೆ (ರೂಟ್ ಕೆನಾಲ್) ಮುಗಿಯಿತು. ಟೀಚರ್ ನಡುವೆ ಒಮ್ಮೆ ಕೈ ಎತ್ತಿದರು, ಡಾಕ್ಟರ್ ತಕ್ಷಣ ನಿಲ್ಲಿಸಿದರು. ಅವರಿಗೆ ಅನಿಲಕ್ಕಿಂತ ದೊಡ್ಡ ಔಷಧಿ ಇದೇ ಆಯಿತು ಎಂದು ನನಗನಿಸುತ್ತದೆ. ಇನ್ನು ಕ್ಯಾಪ್ ಹಾಕಿಸುವುದು ಬಾಕಿ. ಈ ಸಲ ಅನಿಲ ಇಲ್ಲದೆ ನೋಡಲಾ ಎಂದು ಕೇಳಿದ್ದಾರೆ. ಬೇಕೆಂದರೆ ಸಿಗುವಂತೆ ಹೇಳಿಟ್ಟಿರಿ, ತೀರ್ಮಾನ ಆ ದಿನ ಕುರ್ಚಿಯಲ್ಲಿ ಕೂತ ಮೇಲೆ ಮಾಡಿ ಎಂದಿದ್ದೇನೆ.